ಅವರ ತುಟಿ, ನನ್ನ ಗಂಟಲು

ಚಿಕ್ಕಂದಿನಿಂದಲೂ ನನಗೆ ಒಬ್ಬ ಹಾಸ್ಯನಟರ ದನಿ ಬರುತ್ತಿತ್ತು. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಹಜಾರದಲ್ಲಿ ಕೂತು ಅವರ ಹಾಗೆ ಒಂದು ಮಾತು ಆಡಿದರೆ, ಅಡುಗೆಮನೆಯಿಂದ ಅಮ್ಮ ರೇಡಿಯೊ ಆರಿಸಲು ಬರುತ್ತಿದ್ದಳು. ಮೂಗಿನಲ್ಲಿ ಶುರುವಾಗಿ, ಗಂಟಲಿಗೆ ಇಳಿದು, ಮಾತಿನ ಕೊನೆಗೆ ಸಣ್ಣಗೆ ಒಡೆಯುವ ದನಿ ಅದು. ಬೇರೆ ಯಾವ ನಟರ ದನಿಯೂ ನನಗೆ ಅಷ್ಟು ಚೆನ್ನಾಗಿ ಹತ್ತಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ ಮೇಲೂ ರಾಜ್ಯೋತ್ಸವಕ್ಕೆ, ಸಹೋದ್ಯೋಗಿಗಳ ಬೀಳ್ಕೊಡುಗೆಗೆ, ಗಣೇಶನ ಪೆಂಡಾಲಿಗೆ ನನ್ನನ್ನು ಕರೆಯುತ್ತಿದ್ದುದು ಅದೊಂದಕ್ಕೇ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಜಯನಗರದ ಗಣೇಶೋತ್ಸವದಲ್ಲಿ ಕಾರ್ಯಕ್ರಮ ಮುಗಿಸಿ ಇಳಿದಾಗ ಸಿನಿಮಾದ ಪ್ರೊಡಕ್ಷನ್ ಮ್ಯಾನೇಜರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಆ ನಟರ ಗಂಟಲು ಕಟ್ಟಿ ನಾಲ್ಕೈದು ತಿಂಗಳಾಗಿತ್ತಂತೆ. ಶೂಟಿಂಗ್ ಮುಗಿದಿದೆ, ಡಬ್ಬಿಂಗ್ ನಿಂತಿದೆ, ಬಿಡುಗಡೆ ಹತ್ತಿರ ಬಂದಿದೆ. ಅವರ ಪಾತ್ರಕ್ಕೆ ನೀವು ದನಿ ಕೊಡಬೇಕು, ಆದರೆ ಮೊದಲು ಅವರ ಮನೆಗೆ ಹೋಗಿ ಅವರಿಗೆ ಕೇಳಿಸಬೇಕು, ಅವರು ಒಪ್ಪಿದರೆ ಮಾತ್ರ ಎಂದರು.

ಮುಂದಿನ ಭಾನುವಾರ ಬೆಳಿಗ್ಗೆ ಜಯನಗರ ಏಳನೇ ಬ್ಲಾಕಿನ ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ. ಒಂದು ಕಾಲಕ್ಕೆ ಅವರಿಬ್ಬರೂ ಒಂದೇ ನಾಟಕ ಕಂಪನಿಯಲ್ಲಿದ್ದವರು. ಆಕೆ ನಾಯಕಿ, ಈತ ನಗಿಸುವವ. ನಟರು ಒಳಗಿನಿಂದ ಬಂದರು. ಪರದೆಯ ಮೇಲೆ ಕಂಡದ್ದಕ್ಕಿಂತ ಗಿಡ್ಡ, ತೆಳ್ಳಗೆ. ನಾನು ಕಾಲಿಗೆ ಬಿದ್ದೆ. ಏನಾದರೂ ಹೇಳು ಎಂದು ಕೈಸನ್ನೆ ಮಾಡಿದರು. ಅವರದೇ ಒಂದು ಹಳೆಯ ದೃಶ್ಯವನ್ನು ಹೇಳಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಅವರು ನಗಲಿಲ್ಲ.

ಗಾಳಿ ಸೋರಿದ ಹಾಗಿದ್ದ ದನಿಯಲ್ಲಿ ಹೇಳಿದರು: “ನಗು ಬರೋ ಪದಕ್ಕೆ ಮುಂಚೆ ನೀನು ಉಸಿರು ತಗೋತಿದೀಯ. ನಾನು ತಗೊಳಲ್ಲಪ್ಪ. ತಗೊಂಡ್ರೆ, ಈಗ ಏನೋ ಬರತ್ತೆ ಅಂತ ಜನಕ್ಕೆ ಗೊತ್ತಾಗ್ಬಿಡತ್ತೆ.”

ಅಷ್ಟು ಹೇಳುವುದಕ್ಕೆ ಅವರಿಗೆ ಎರಡು ಸಲ ನೀರು ಬೇಕಾಯಿತು. ಆಮೇಲೆ ಒಂದು ತಿಂಗಳು, ಕಚೇರಿ ಮುಗಿಸಿ ವಾರಕ್ಕೆ ಮೂರು ದಿನ ಅಲ್ಲಿಗೆ ಹೋದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಪದವನ್ನು ನುಂಗಬೇಕು, ಸಿಟ್ಟಿನ ಮಾತನ್ನು ಏಕೆ ಮೆತ್ತಗೆ ಹೇಳಬೇಕು, ಎಲ್ಲವನ್ನೂ ಕಲಿಸಿದರು. ಅವರ ಮಾತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಹೆಂಡತಿ ಡಾಕ್ಟರ ಹತ್ತಿರ ಹೋಗೋಣವೆಂದು ಪೀಡಿಸುತ್ತಿದ್ದರು. ಅವರು ಬರೀ ಕಷಾಯ ಕುಡಿಯುತ್ತಿದ್ದರು.

ಆ ಚಿತ್ರ ನನ್ನ ದನಿಯಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿದ್ದರು. ಗಂಟಲಿನಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ನಾನು ನೋಡಲು ಹೋದಾಗ ಅವರ ಕುತ್ತಿಗೆಯ ಕುಳಿಯಲ್ಲಿ ಒಂದು ರಂಧ್ರವಿತ್ತು, ಉಸಿರೆಲ್ಲ ಅಲ್ಲಿಂದಲೇ. ಮೇಲೆ ತೆಳುವಾದ ಬಿಳಿ ಬಟ್ಟೆ. ಅದು ಒಳಗೂ ಹೊರಗೂ ಆಡುತ್ತಿತ್ತು. ನನ್ನನ್ನು ಕಂಡು ಬಾಯಿ ತೆರೆದು ಏನೋ ಹೇಳಿದರು. ತುಟಿ ಆಡಿತು, ಶಬ್ದ ಇರಲಿಲ್ಲ. ನಾನು ಅರ್ಥವಾಯಿತು ಎಂಬಂತೆ ತಲೆಯಾಡಿಸಿದೆ. ಹೆಂಡತಿ, “ಚಿತ್ರ ಹೇಗೆ ಹೋಗ್ತಿದೆ ಅಂತ ಕೇಳ್ತಿದಾರೆ ಕಣೋ” ಎಂದರು. ಅವರ ತುಟಿ ಓದುವುದನ್ನು ಆಕೆ ಆಗಲೇ ಕಲಿತಿದ್ದರು.

ಒಂದು ವರ್ಷ ಅವರನ್ನು ಯಾರೂ ನಟಿಸಲು ಕರೆಯಲಿಲ್ಲ. ಕರೆದರೂ ಫೋನು ಎತ್ತಿ ಮಾತಾಡಲು ಅವರಿಗೆ ಆಗುತ್ತಿರಲಿಲ್ಲ. ಆದರೂ ಫೋನಿನ ಪಕ್ಕದ ಕುರ್ಚಿ ಬಿಡುತ್ತಿರಲಿಲ್ಲ. ಅದು ರಿಂಗಾದರೆ ಕೈತಟ್ಟಿ ಹೆಂಡತಿಯನ್ನು ಕರೆಯುತ್ತಿದ್ದರು. ಹೆಚ್ಚಿನ ಸಲ ಅದು ಮಗಳದು, ಇಲ್ಲವೇ ರಾಂಗ್ ನಂಬರ್. ಆಮೇಲೆ ಒಬ್ಬ ಹೊಸ ನಿರ್ದೇಶಕ ಬಂದ. ಮೂವತ್ತೈದರ ಹರೆಯ, ಇವರ ಚಿತ್ರ ನೋಡಿಯೇ ಬೆಳೆದವನು. ಇವರು ಸೆಟ್ಟಿನಲ್ಲಿ ತುಟಿಯಾಡಿಸಿದರೆ ಸಾಕು, ದನಿ ನನ್ನದು. ಕುತ್ತಿಗೆಗೆ ಮಫ್ಲರ್ ಸುತ್ತಿದರೆ ಪ್ರೇಕ್ಷಕರಿಗೆ ಏನೂ ತಿಳಿಯುವುದಿಲ್ಲ ಎಂದ. ಅವರು ಸ್ಲೇಟಿನಲ್ಲಿ ಬರೆದದ್ದು ಒಂದೇ ಪದ: ‘ಯಾವಾಗ?’

ಹೀಗೆ ಮೂರು ವರ್ಷ ನಡೆಯಿತು. ಪಾತ್ರಗಳು ಸಣ್ಣವು. ವಾಚ್‌ಮನ್, ಕಿವುಡ ತಾತ, ನಾಯಕನ ಗೆಳೆಯರ ಕೈಯಲ್ಲಿ ತಲೆಗೆ ಮೊಟಕಿಸಿಕೊಳ್ಳುವ ಮನೆ ಮಾಲೀಕ. ಬೇಸಗೆಯಲ್ಲೂ ಮಫ್ಲರ್. ಸೆಟ್ಟಿನ ಧೂಳಿಗೆ ಕೆಮ್ಮು ಬಂದರೆ ಕುತ್ತಿಗೆಯಿಂದ ಕಫ ಚಿಮ್ಮುತ್ತಿತ್ತು. ಜತೆಯ ಕಲಾವಿದರು ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ನಾನೇ ನೋಡಿದ್ದೇನೆ. ಅವರೇ ಕರವಸ್ತ್ರದಿಂದ ಒರೆಸಿಕೊಂಡು, ಕ್ಷಮಿಸಿ ಎಂದು ಕೈಮುಗಿದು, ಮತ್ತೆ ನಿಂತುಕೊಳ್ಳುತ್ತಿದ್ದರು. ಇದೆಲ್ಲ ಏಕೆ, ಮನೆಯಲ್ಲಿ ಆರಾಮಾಗಿರಬಹುದಲ್ಲ ಎಂದು ಒಮ್ಮೆ ಅವರ ಹೆಂಡತಿಯನ್ನು ಕೇಳಿದೆ. ಹತ್ತನೇ ವಯಸ್ಸಿಗೆ ಬಣ್ಣ ಹಚ್ಚಿದವರು, ಮನೆಯಲ್ಲಿ ಕೂರುವುದು ಅವರಿಗೆ ಬರುವುದೇ ಇಲ್ಲ ಎಂದರು.

ಆ ವರ್ಷಗಳಲ್ಲಿ ನಾನು ಸುಖವಾಗಿದ್ದೆ. ಇದನ್ನು ಒಪ್ಪಿಕೊಳ್ಳಲೇಬೇಕು. ರಜೆ ಹಾಕಿ ಡಬ್ಬಿಂಗ್ ಥಿಯೇಟರಿಗೆ ಹೋಗಿ, ಕತ್ತಲಲ್ಲಿ ಮೈಕಿನ ಮುಂದೆ ನಿಂತು ಅವರ ತುಟಿಗೆ ನನ್ನ ಮಾತು ಕೂರಿಸುವಾಗ ನನಗೆ ಗುಮಾಸ್ತಗಿರಿ ಮರೆತುಹೋಗುತ್ತಿತ್ತು. ನನ್ನ ಹೆಸರು ಎಲ್ಲೂ ಬರುತ್ತಿರಲಿಲ್ಲ. ಮುಂದಿನ ಚಿತ್ರದಲ್ಲಿ ನಿನಗೇ ಒಂದು ಪಾತ್ರ ಕೊಡುತ್ತೇನೆ ಎಂದು ನಿರ್ದೇಶಕ ಹೇಳಿದ್ದ. ನಾನು ಅದನ್ನು ನಂಬಿಕೊಂಡಿದ್ದೆ.

ನಾಲ್ಕನೆಯ ವರ್ಷದ ಚಿತ್ರದಲ್ಲಿ ಅವರದು ಪಕ್ಕದ ಮನೆಯ ಮುದುಕನ ಪಾತ್ರ. ನಾಯಕಿಯ ಅತ್ತೆಯ ಜತೆ ಕಾಂಪೌಂಡ್ ಗೋಡೆಯ ಆಚೆ ಈಚೆ ನಿಂತು ಮಾತಾಡುವ ದೃಶ್ಯಗಳು. ಮೊದಲು ಬರೆದುಕೊಟ್ಟ ಸಂಭಾಷಣೆ ತುಂಬ ಎರಡರ್ಥದ್ದಾಗಿತ್ತಂತೆ. ಅವರು ಸ್ಲೇಟಿನಲ್ಲಿ ‘ಇದನ್ನು ಹೇಳಲಾರೆ’ ಎಂದು ಬರೆದು ಕುರ್ಚಿಯಲ್ಲಿ ಕೂತುಬಿಟ್ಟರು. ಅರ್ಧ ದಿನ ಕೆಲಸ ನಿಂತಿತು. ಕೊನೆಗೆ ನಿರ್ದೇಶಕ ಸರಿ ಎಂದು ಬೇರೆ ಮಾತು ಬರೆಸಿದ. ಅದನ್ನೇ ಅವರು ತುಟಿಯಾಡಿಸಿ ನಟಿಸಿದರು.

ಜೆ.ಪಿ. ನಗರದ ಡಬ್ಬಿಂಗ್ ಥಿಯೇಟರಿನಲ್ಲಿ ನನ್ನ ಕೈಗೆ ಕೊಟ್ಟ ಹಾಳೆಗಳಲ್ಲಿ ಇದ್ದದ್ದು ಬೇರೆಯೇ. ಓದಿ ನನಗೆ ಕಿವಿ ಬಿಸಿಯಾಯಿತು. ಒಂದೊಂದು ಮಾತಿನ ಎರಡನೆಯ ಅರ್ಥವೂ ಹೊಲಸಾಗಿತ್ತು. ಇದನ್ನು ಅವರು ಹೇಳಿರಲಾರರು ಎಂದೆ. ನಿರ್ದೇಶಕ ಮುಚ್ಚುಮರೆ ಮಾಡಲಿಲ್ಲ. ಅವರು ಬೇಡವೆಂದು ಸ್ಲೇಟಿನಲ್ಲಿ ಬರೆದದ್ದನ್ನೂ, ತಾನು ಮಾತು ಬದಲಿಸಿ ಶೂಟ್ ಮಾಡಿದ್ದನ್ನೂ ತಾನೇ ಹೇಳಿದ. “ತುಟಿಗೆ ಕೂರತ್ತೆ ಗುರು, ನೋಡ್ಕೊಂಡೇ ಬರೆಸಿದೀನಿ. ಈ ಕಾಲದಲ್ಲಿ ಇದಿಲ್ದೆ ಜನ ಬರಲ್ಲ. ಅವರಿಗೂ ಒಂದು ಹಿಟ್ ಬೇಕು ತಾನೆ?”

ನಿಜವಾಗಿಯೂ ತುಟಿಗೆ ಕೂರುತ್ತಿತ್ತು. ತುಟಿ ಮುಚ್ಚುವ ಪ, ಬ, ಮ ಎಲ್ಲವೂ ಅವರು ಮುಚ್ಚಿದ ಕಡೆಯಲ್ಲೇ ಬರುವಂತೆ ಬರೆಸಿದ್ದ. ಆಗಲ್ಲ ಎಂದು ಹಾಳೆ ಅಲ್ಲೇ ಇಟ್ಟು ನಾನು ಎದ್ದು ಬರಬಹುದಿತ್ತು. ಅವರ ಮನೆಗೆ ಹೋಗಿ ವಿಷಯ ಹೇಳಬಹುದಿತ್ತು; ಥಿಯೇಟರಿನಿಂದ ಏಳನೇ ಬ್ಲಾಕಿಗೆ ಆಟೊದಲ್ಲಿ ಕಾಲು ಗಂಟೆ ದಾರಿ. ನಾನು ಕಾಫಿ ಕುಡಿದು ಮೈಕಿನ ಮುಂದೆ ನಿಂತೆ. ಅವರು ಕಲಿಸಿದ್ದನ್ನೆಲ್ಲ ಆ ಮಾತುಗಳಿಗೆ ಸುರಿದೆ. ಗಾಜಿನ ಆಚೆ ಕೂತಿದ್ದ ಸೌಂಡ್ ಎಂಜಿನಿಯರ್ ನಗು ತಡೆಯಲಾರದೆ ಎರಡು ಸಲ ಟೇಕ್ ನಿಲ್ಲಿಸಿದ. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಚಿತ್ರ ಬಿಡುಗಡೆಯಾದ ಎರಡನೇ ದಿನ ಅವರು ಹೆಂಡತಿ ಮತ್ತು ಹನ್ನೆರಡು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಮ್ಯಾಟಿನಿಗೆ ಹೋದರು. ಅಲ್ಲಿ ಆದದ್ದನ್ನು ಹೆಂಡತಿ ನನಗೆ ಹೇಳಿದ್ದು ಎರಡು ವಾರದ ನಂತರ. ಮೊದಲ ಮಾತಿಗೇ ಥಿಯೇಟರ್ ಬಿದ್ದು ಬಿದ್ದು ನಕ್ಕಿತಂತೆ. ಮೊಮ್ಮಗಳು ತಾತನ ಮುಖ ನೋಡಿ, ಮತ್ತೆ ಪರದೆ ನೋಡಿ, ತಲೆ ತಗ್ಗಿಸಿ ಕೂತಳು. ಹೆಂಡತಿ ಮಗುವನ್ನು ಎಬ್ಬಿಸಿಕೊಂಡು ಹೊರಗೆ ಹೋದರು. ಅವರು ಬರಲಿಲ್ಲ. ತಮ್ಮ ಪಾತ್ರದ ಕೊನೆಯ ದೃಶ್ಯದ ತನಕ ಕೂತಿದ್ದರು. ಹೊರಗೆ ಬಂದಾಗ ನಾಲ್ಕಾರು ಕಾಲೇಜು ಹುಡುಗರು ಗುರುತು ಹಿಡಿದು ಸುತ್ತುವರಿದರು. ಸಖತ್ ಸಾರ್ ಎಂದು, ಅದೇ ಮಾತನ್ನು ಅವರಿಗೇ ಹೇಳಿ ತೋರಿಸಿದರು. ಹುಡುಗರದು ಪ್ರೀತಿಯೇ. ಅವರು ಎಲ್ಲರಿಗೂ ಕೈಮುಗಿದರಂತೆ.

ಆ ಎರಡು ವಾರ ನಾನು ಅವರ ಮನೆಯ ಕಡೆ ತಲೆ ಹಾಕಿರಲಿಲ್ಲ. ಕೊನೆಗೆ ಹೋದೆ. ಹೆಂಡತಿ ಹೇಳುತ್ತಿರುವಾಗ ಅವರು ಎದುರಿಗೇ ಕೂತಿದ್ದರು. ಎಲ್ಲ ಮುಗಿದ ಮೇಲೆ ಸ್ಲೇಟು ತೆಗೆದುಕೊಂಡು ಬರೆದು ನನ್ನ ಕಡೆ ತಿರುಗಿಸಿದರು: ‘ನಾನು ಬೇಡ ಅಂದದ್ದು ನಿನಗೆ ಗೊತ್ತಿತ್ತಾ?’

ನಾನು ಗೊತ್ತಿರಲಿಲ್ಲ ಎಂದೆ. ಕೊಟ್ಟ ಹಾಳೆ ಓದಿದೆ ಸಾರ್, ಅಷ್ಟೇ ಎಂದೆ.

ಅವರು ನಂಬಿದರು. ಸ್ಲೇಟು ಒರೆಸಿ, ನಾಳೆ ನನ್ನ ಜತೆ ನಿರ್ದೇಶಕನ ಆಫೀಸಿಗೆ ಬಾ, ನನ್ನ ಪರವಾಗಿ ನೀನು ಮಾತಾಡಬೇಕು ಎಂದು ಬರೆದರು. ಹೆಂಡತಿ ನನಗೆ ಊಟ ಬಡಿಸಿದರು. ನಾನು ಉಂಡೆ.

ಮರುದಿನ ಮಧ್ಯಾಹ್ನ ಜೆ.ಪಿ. ನಗರದ ಆ ಆಫೀಸಿನ ಮೂರನೇ ಮಹಡಿಗೆ ಅವರು ನಿಂತು ನಿಂತು ಹತ್ತಿದರು. ನಿರ್ದೇಶಕ ಎದ್ದು ಬಂದು ಕೂರಿಸಿದ. ಅವರು ಜೇಬಿನಿಂದ ಎರಡು ಹಾಳೆ ತೆಗೆದು ನನಗೆ ಕೊಟ್ಟರು. ನಾನು ನನ್ನ ದನಿಯಲ್ಲಿ ಓದತೊಡಗಿದೆ. ಅವರು ನನ್ನ ಮೊಣಕೈ ಹಿಡಿದು ನಿಲ್ಲಿಸಿ, ತಮ್ಮ ಕುತ್ತಿಗೆಯತ್ತ ಬೆರಳು ಮಾಡಿದರು. ತಮ್ಮ ದನಿಯಲ್ಲಿ ಓದಬೇಕು ಎಂದು.

ಓದಿದೆ. ನಲವತ್ತೈದು ವರ್ಷದಿಂದ ಬಣ್ಣ ಹಚ್ಚಿದ್ದೇನೆ, ಬಿದ್ದಿದ್ದೇನೆ, ಒದೆ ತಿಂದಿದ್ದೇನೆ, ಹೆಣ್ಣು ವೇಷ ಹಾಕಿದ್ದೇನೆ, ಆದರೆ ನನ್ನ ಮಾತಿಗೆ ಯಾವ ಮನೆಯ ಹೆಣ್ಣುಮಗಳೂ ತಲೆ ತಗ್ಗಿಸಿರಲಿಲ್ಲ, ಈಗ ನನ್ನ ಮೊಮ್ಮಗಳೇ ತಗ್ಗಿಸಿದಳು ಎಂದು ಅದರಲ್ಲಿತ್ತು. ಆ ಮಾತುಗಳನ್ನು ತೆಗೆದು, ನಾನು ತುಟಿಯಾಡಿಸಿದ್ದನ್ನೇ ಹಾಕಬೇಕು, ನಾನು ಕೈಮುಗಿದು ಕೇಳುತ್ತೇನೆ ಎಂದಿತ್ತು.

ನಿರ್ದೇಶಕ, ಪ್ರಿಂಟುಗಳೆಲ್ಲ ಊರೂರಿಗೆ ಹೋಗಿವೆ, ಈಗ ಏನೂ ಮಾಡಲಾಗದು ಎಂದ. ಆಮೇಲೆ ನನ್ನ ಕಡೆ ನೋಡಿದ.

“ಸಾರ್, ಇದು ನಾನೊಬ್ಬನೇ ಮಾಡಿದ್ದಲ್ಲ. ನೀವು ಬೇಡ ಅಂದ ವಿಷಯ ಡಬ್ಬಿಂಗ್ ದಿನಾನೇ ಇವರಿಗೆ ಹೇಳಿದ್ದೆ. ಗೊತ್ತಿದ್ದೇ ಮಾಡಿದ್ರು. ಬೇಕಿದ್ರೆ ಕೇಳಿ.”

ಅವರು ನನ್ನ ಕಡೆ ತಿರುಗಿದರು. ಸ್ಲೇಟು ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ತುಟಿಯನ್ನೂ ಆಡಿಸಲಿಲ್ಲ.

“ಹೌದು ಸಾರ್” ಎಂದೆ. ಗಂಟಲು ಇನ್ನೂ ಅವರ ದನಿಯಲ್ಲೇ ಇತ್ತು. ಅವರದೇ ದನಿಯಲ್ಲಿ ಆ ಮಾತು ಹೊರಬಂತು.

ಅವರು ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು, ಮಡಿಸಿ, ಜೇಬಿಗೆ ಹಾಕಿಕೊಂಡು ಎದ್ದರು. ನಾನು ಹಿಂದೆಯೇ ಮೆಟ್ಟಿಲಿಳಿದೆ. ಎರಡನೇ ಮಹಡಿಯಲ್ಲಿ ಅವರಿಗೆ ಕೆಮ್ಮು ಬಂತು. ಗೋಡೆ ಹಿಡಿದು ನಿಂತು ಮುಗಿಯುವ ತನಕ ಕೆಮ್ಮಿದರು. ಹಿಡಿದುಕೊಳ್ಳಲು ಹೋದರೆ ಬೇಡವೆಂದು ಅಂಗೈ ಎತ್ತಿದರು. ಕೆಳಗೆ ಆಟೊ ಹತ್ತಿದರು. ಹೋಗಬೇಕಾದ ಜಾಗವನ್ನು ಚೀಟಿಯಲ್ಲಿ ಬರೆದು ಡ್ರೈವರಿಗೆ ಕೊಟ್ಟರು. ನನ್ನ ಕಡೆ ನೋಡಲಿಲ್ಲ.

ಚಿತ್ರ ನೂರು ದಿನ ಓಡಿತು. ಅವರ ಮನೆಯ ಫೋನು ಮತ್ತೆ ರಿಂಗಾಗತೊಡಗಿತೆಂದು ಪ್ರೊಡಕ್ಷನ್ ಮ್ಯಾನೇಜರ್ ಹೇಳಿದರು. ಎಲ್ಲರಿಗೂ ಅಂಥದೇ ಮುದುಕ ಬೇಕಾಗಿದ್ದ. ಹೆಂಡತಿ ಒಬ್ಬೊಬ್ಬರಿಗೂ ಆಗುವುದಿಲ್ಲ ಎಂದರಂತೆ. ಅವರು ಮತ್ತೆ ಬಣ್ಣ ಹಚ್ಚಲಿಲ್ಲ. ನಿರ್ದೇಶಕ ನನಗೆ ಕೊಟ್ಟ ಮಾತು ಉಳಿಸಿಕೊಂಡ: ನಾಯಕನಿಂದ ಕಪಾಳಕ್ಕೆ ಹೊಡೆಸಿಕೊಳ್ಳುವ ಒಂದು ಪಾತ್ರ. ಎಡಿಟಿಂಗಿನಲ್ಲಿ ಅದು ಹೋಯಿತು. ಕಚೇರಿಯ ಸಮಾರಂಭಗಳಲ್ಲಿ ಎಲ್ಲರೂ ಆ ಚಿತ್ರದ ಮಾತನ್ನೇ ಕೇಳುತ್ತಿದ್ದರು. ಗಂಟಲು ಸರಿಯಿಲ್ಲ ಎನ್ನುತ್ತಿದ್ದೆ. ಎರಡು ವರ್ಷ ಹಾಗೆ ಹೇಳಿದ ಮೇಲೆ ಕೇಳುವುದನ್ನು ಬಿಟ್ಟರು. ನಾನು ಏಳನೇ ಬ್ಲಾಕಿನ ಆ ರಸ್ತೆಯಲ್ಲಿ ಹೋಗುವುದನ್ನೂ ಬಿಟ್ಟೆ. ಸುತ್ತಿ ಬಳಸಿ ಬನಶಂಕರಿಗೆ ಹೋಗುತ್ತಿದ್ದೆ.

ಅವರು ತೀರಿಕೊಂಡದ್ದು ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾದ ಮೇಲೆ. ರೋಗ ಶ್ವಾಸಕೋಶಕ್ಕೆ ಇಳಿದಿತ್ತಂತೆ. ನನಗೆ ತಿಳಿದದ್ದು ಟೀವಿಯಿಂದ. ಶ್ರದ್ಧಾಂಜಲಿ ಎಂಬ ಅಕ್ಷರಗಳ ಕೆಳಗೆ ಕಾಂಪೌಂಡ್ ಗೋಡೆಯ ಆ ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಅವರ ಹಳೆಯ ಚಿತ್ರಗಳು ಅಷ್ಟೊಂದಿದ್ದವು, ಟೀವಿಯವರ ಕೈಗೆ ಸಿಕ್ಕಿದ್ದು ಅದೇ. ಮಧ್ಯಾಹ್ನ ಒಬ್ಬ ವರದಿಗಾರ ಪ್ರೊಡಕ್ಷನ್ ಮ್ಯಾನೇಜರಿಂದ ನನ್ನ ನಂಬರು ಪಡೆದು ಫೋನು ಮಾಡಿ, ಅವರ ದನಿಯಲ್ಲಿ ಎರಡು ಮಾತು ಆಡುತ್ತೀರಾ ಎಂದು ಕೇಳಿದ. ನಾನು ಫೋನು ಇಟ್ಟೆ.

ಬನಶಂಕರಿಯ ಚಿತಾಗಾರದಲ್ಲಿ ಜನ ಹೆಚ್ಚಿರಲಿಲ್ಲ. ನಾನು ಗೇಟಿನ ಹತ್ತಿರವೇ ನಿಂತಿದ್ದು ಬಂದೆ. ವೈಕುಂಠ ಸಮಾರಾಧನೆಯ ದಿನ ಮನಸ್ಸು ಗಟ್ಟಿ ಮಾಡಿಕೊಂಡು ಮನೆಗೆ ಹೋದೆ. ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ತುಂಬ ಸೊರಗಿದ್ದರು. ನನ್ನ ಗುರುತು ತಕ್ಷಣ ಸಿಕ್ಕಿತು.

“ಬಂದ್ರಾ. ಎಲೆ ಹಾಕಿದಾರೆ, ಊಟ ಮಾಡ್ಕೊಂಡು ಹೋಗಿ” ಎಂದರು.

ಆ ಮನೆಯಲ್ಲಿ ನನ್ನನ್ನು ಯಾರೂ ಬಹುವಚನದಲ್ಲಿ ಕರೆದದ್ದಿಲ್ಲ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಗೆ ಬಂದ ಯಾರಿಗಾದರೂ ಹೇಳುವ ಹಾಗೆ ಹೇಳಿ, ಹಿಂದೆ ಬಂದವರ ಕಡೆ ತಿರುಗಿದರು. ಜೋಡಿಸಿಕೊಂಡು ಹೋಗಿದ್ದ ಮಾತು ಹಾಗೇ ಉಳಿಯಿತು. ಮಹಡಿಯ ಮೇಲೆ ಶಾಮಿಯಾನದ ಕೆಳಗೆ, ಗುರುತಿಲ್ಲದ ಇಬ್ಬರ ನಡುವೆ ಕೂತು ಊಟ ಮಾಡಿದೆ. ಪಕ್ಕದವರು, ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ನಾನು, ಪರಿಚಯ ಅಷ್ಟೆ ಎಂದೆ.