ಎಡಮೂಲೆಯ ರೊಟ್ಟಿ ಹೆಂಗಸು

ಮ್ಯಾಡ್ರಿಡ್‌ನ ನಮ್ಮ ಬೀದಿಯ ಹಿಂದೆ ಅರಮನೆಯಾಗಿದ್ದ ಕನ್ಯಾಸ್ತ್ರೀಯರ ಮಠಕ್ಕೆ ಸಾಮಾನು ತಂದುಕೊಡುತ್ತಿದ್ದವಳು ಬಾಸಿಲಿಸಾ. ಕಡಲೆ, ಎಣ್ಣೆ, ಉಪವಾಸದ ದಿನಗಳಿಗೆ ಉಪ್ಪುಮೀನು, ಎಲ್ಲವನ್ನೂ ಗೋಡೆಯೊಳಗಿನ ತಿರುಗುವ ಮರದ ಪೆಟ್ಟಿಗೆಯಲ್ಲಿಟ್ಟು ಒಳಕ್ಕೆ ತಿರುಗಿಸುತ್ತಿದ್ದಳು. ಆಚೆ ಕಡೆ ತೆಗೆದುಕೊಳ್ಳುತ್ತಿದ್ದ ಕನ್ಯಾಸ್ತ್ರೀ ಪೆತ್ರಾ ಅವಳ ಸ್ವಂತ ಅಕ್ಕ. ಒಳಗಿನವರು ಹೊರಗಿನವರಿಗೆ ಮುಖ ತೋರಿಸಬಾರದೆಂಬುದು ಅಲ್ಲಿಯ ಕಟ್ಟಳೆ. ಮಠ ಸೇರಿದ ಮೇಲೆ ಅಕ್ಕನ ಮುಖವನ್ನು ತಂಗಿ ನೋಡಿದ್ದೇ ಇಲ್ಲ, ದನಿ ಮಾತ್ರ. ನನಗಂತೂ ಇದು ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಇಬ್ಬರೂ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಮಠದೊಳಗೆ, ಹಿಂದೆ ಯಾವಳೋ ರಾಜಕುಮಾರಿ ದೂರದ ಫ್ಲಾಂಡರ್ಸ್‌ನಿಂದ ತಂದ ಚಿತ್ರಗಳು ಕೋಣೆ ತುಂಬ ಇದ್ದವು.

"ಯೇಸು ಹುಟ್ಟಿದ ಚಿತ್ರದಲ್ಲಿ, ಎಡಗಡೆ ಮೂಲೇಲಿ ರೊಟ್ಟಿ ಹಿಡ್ಕೊಂಡು ಒಬ್ಳು ನಿಂತಿದಾಳೆ ಕಣೇ. ಥೇಟ್ ನಮ್ಮಮ್ಮನೇ. ದಿನಾ ಮಾತಾಡಿಸ್ಕೊಂಡ್ ಬರ್ತೀನಿ," ಎನ್ನುತ್ತಿದ್ದಳು ಪೆತ್ರಾ.

"ನಿಂಗೇನು ಬಿಡು, ಅಮ್ಮನ್ನ ಜೊತೇಲೇ ಇಟ್ಕೊಂಡಿದೀಯ," ಎಂದು ತಂಗಿ ರೇಗಿಸುತ್ತಿದ್ದಳು. ಒಳಗೊಳಗೇ ಹೊಟ್ಟೆಕಿಚ್ಚು. ಸಾಯುವುದರೊಳಗೆ ಒಮ್ಮೆ ಆ ಮುಖ ನೋಡಬೇಕು, ಅದೊಂದೇ ಅವಳ ಆಸೆ.

ಕೊನೆಗೆ ಮಠದ ಒಂದು ಭಾಗವನ್ನು ಜನರಿಗೆ ತೆರೆದರು. ಚಿತ್ರ ತೋರಿಸುವ ಕೆಲಸಕ್ಕೆ ನಾನು ಸೇರಿದೆ. ಹೊರಗಿನವರು ಬರುವ ಮುಂಚೆ ಗಂಟೆ ಬಾರಿಸುತ್ತಿದ್ದರು, ಕನ್ಯಾಸ್ತ್ರೀಯರು ಮರೆಗೆ ಸರಿಯುತ್ತಿದ್ದರು. ಅಕ್ಕ ಕಾಣಸಿಗುವಂತಿರಲಿಲ್ಲ. ಬಾಸಿಲಿಸಾ ಅಮ್ಮನಿಗಾಗಿ ಬಂದಳು, ಪೂಜೆಯ ದಿನದ ಕಪ್ಪು ಉಡುಪು ಹಾಕಿಕೊಂಡು.

ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ದುಂಡು ಕೆನ್ನೆಯ, ಬಿಳಿಚಿಕೊಂಡ, ಹುಬ್ಬೇ ಇಲ್ಲದ ಹೆಂಗಸು.

"ಇವಳೇನಾ?"

"ರೊಟ್ಟಿ ಹಿಡಿದಿರೋಳು ಇವಳೊಬ್ಳೇ ಕಣ್ರೀ," ಎಂದೆ.

"ನಮ್ಮಮ್ಮ ಕಪ್ಪಗಿದ್ಳು. ಕೋಲುಮುಖ. ಒಂದು ಚೂರೂ ಹೋಲಲ್ಲ."

ಕೆಳಗಿಳಿದು ಪೆಟ್ಟಿಗೆಯ ಹತ್ತಿರ ಹೋದಳು. ನಾನೂ ಹಿಂದೆಯೇ ಹೋದೆ. ಪೆತ್ರಾ ಕಾದು ಕೂತಿದ್ದಳು.

"ನೋಡ್ದ್ಯಾ? ಹೇಳೇ."

ಬಾಸಿಲಿಸಾ ಗೋಡೆಗೆ ಒರಗಿದಳು. "ನೋಡ್ದೆ ಅಕ್ಕಾ. ಅಮ್ಮನೇ."

ಆಚೆ ಕಡೆ ಪೆತ್ರಾ ಬಿಕ್ಕಿಬಿಕ್ಕಿ ಅತ್ತಳು. ಅಂದಿನಿಂದ ಅಕ್ಕನಿಗೆ ಬೇರೆ ಮಾತೇ ಇಲ್ಲ. ಆ ಕೆನ್ನೆ, ಆ ಕಣ್ಣು, ಆ ನಗು. ತಂಗಿ ದಿನವೂ ಹೂಂಗುಟ್ಟಿದಳು. ಅಕ್ಕನ ಸಂತೋಷಕ್ಕೆ ತಾನಾಗಿ ಒಂದೆರಡು ಮಾತು ಸೇರಿಸಿಯೂ ಹೇಳಿದಳು. ಹೀಗೆ ವರ್ಷಗಳೇ ಕಳೆದವು.

ಪೆತ್ರಾ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಬಾಸಿಲಿಸಾ ಮಠದ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ಅಕ್ಕನ ನೆನಪಾಗುತ್ತಾ ಎಂದು ಕೇಳಿದೆ.

"ಅಕ್ಕನ ದನಿ ಇನ್ನೂ ಕಿವೀಲಿದೆ," ಎಂದಳು. "ಅಮ್ಮನ ಮುಖಾನೇ ಹೋಗ್ಬಿಡ್ತು. ಕಣ್ಮುಚ್ಚಿದ್ರೆ ಆ ರೊಟ್ಟಿಯೋಳೇ ಬರ್ತಾಳೆ."