ಲೈನ್‌ಮನೆಯ ಅಂಗಳದಲ್ಲಿ ಕೇಳಿದ ಹಾಜರಿ

ಈ ನಿರೂಪಣೆಯಲ್ಲಿ ದೋಷಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ತಪ್ಪಿಲ್ಲದೆ ಬರೆಯಬೇಕೆಂಬ ಅಳುಕು ಇಂದಿಗೂ ಬಿಟ್ಟಿಲ್ಲ. ಕಾಣದ ದನಿಗಳನ್ನು ನಂಬುವವರ ಬಗ್ಗೆ ನನಗೆ ತಾತ್ಸಾರವಿತ್ತು. ಅದರಲ್ಲಿ ಹೆಚ್ಚಿನ ಪಾಲು ನನ್ನ ತಾಯಿಗೇ ಸಲ್ಲುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಹತ್ತು ಮಂದಿ ಅಧ್ಯಾಪಕರು ಪಾಲಿಬೆಟ್ಟದ ಸಮೀಪದ ಹೋಂಸ್ಟೇಯೊಂದರಲ್ಲಿ ತಂಗಿದ್ದೆವು. ಅದು ಕಾಫಿ ತೋಟದ ಕಾರ್ಮಿಕರ ಹಳೆಯ ಲೈನ್‌ಮನೆ. ನಡುಗೋಡೆಗಳನ್ನು ಕೆಡವಿ, ಸುಣ್ಣದ ಮೇಲೆ ಚಿತ್ರ ಬಿಡಿಸಿ, ಪ್ರವಾಸಿಗರಿಗಾಗಿ ಸಿಂಗರಿಸಿದ್ದರು. ಅದರ ಎಡದಿಂದ ಮೂರನೆಯ ಕೋಣೆಯಲ್ಲಿ ನಾನು ಹುಟ್ಟಿದ್ದೆ. ಸಹೋದ್ಯೋಗಿಗಳಿಗೆ ಮಾತ್ರ, ಅಲ್ಲೆಲ್ಲೋ ನಮ್ಮ ತೋಟವಿದೆಯೆಂದು ಹೇಳಿಕೊಂಡು ಬಂದಿದ್ದೆ. ಆ ಸುಳ್ಳು ಬಯಲಾದೀತೆಂಬ ಭಯ ನನ್ನ ಬೆನ್ನಿಗಿತ್ತು. ಕುಶಾಲನಗರದ ಮನೆಯಲ್ಲಿದ್ದ ತಾಯಿಗೆ ಮೈಸೂರಿಗೆ ಹೋಗುವುದಾಗಿ ಹೇಳಿದ್ದೆ.

ನಮ್ಮವರ ವಿಹಾರ ಹಾಸ್ಯಾಸ್ಪದವಾಗಿತ್ತು. ಆನೆ ಶಿಬಿರದಲ್ಲಿ ಆನೆಗಿಂತ ಹೆಚ್ಚಾಗಿ ತಮ್ಮ ಮುಖಗಳ ಚಿತ್ರ ತೆಗೆದುಕೊಂಡರು. ಜೀಪಿನಲ್ಲಿ ಗುಡ್ಡವೇರಿ, ಮಂಜನ್ನು ಕಂಡು ಚಪ್ಪಾಳೆ ತಟ್ಟಿದರು. ಇತಿಹಾಸದ ಅಧ್ಯಾಪಕ ಮೋಹನ್ ಕಾಫಿ ಕೊಯ್ಯುವ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು, "ನಿಮ್ಮ ತೋಟದ ಆಳುಗಳು ಹೀಗೇ ಕಟ್ತಾರಾ ಸಾರ್? ನಂಗೂ ಒಂದು ಕೆಲಸ ಕೊಡಿ!" ಎಂದರು. ಎಲ್ಲರೊಡನೆ ನಾನೂ ನಕ್ಕೆ. ಗಂಟು ತಪ್ಪಾಗಿತ್ತು, ತಿದ್ದಲಿಲ್ಲ.

ಮರುದಿನ ಬೆಳಿಗ್ಗೆ ಏಳೂವರೆಗೆ, ತೋಟ ಸುತ್ತಲೆಂದು ಅಂಗಳದಲ್ಲಿ ಸೇರಿದ್ದೆವು. ಆಗ ಹಲಸಿನ ಮರದ ಕಡೆಯಿಂದ ಗಂಟೆಯ ಸದ್ದಾಯಿತು. ಬಾಲ್ಯದಲ್ಲಿ ಅಲ್ಲಿ ತೂಗುಹಾಕಿದ್ದ ರೈಲುಕಂಬಿಯ ತುಂಡಿನದೇ ಸದ್ದು. ಬೆನ್ನಿಗೇ, ಆಗ ಹಾಜರಿ ಕೂಗುತ್ತಿದ್ದ ತೋಟದ ರೈಟರ ದನಿ: "ಚಿಕ್ಕತಾಯಿ!"

ಅದು ನನ್ನ ತಾಯಿಯ ಹೆಸರು. ಒಲೆಯ ಕೆಲಸ ಮುಗಿಯದೆ ಅವರಿಗೆ ತಡವಾದಾಗಲೆಲ್ಲ ನಾನೇ ಅಂಗಳಕ್ಕೆ ಓಡಿ ಓಗೊಡುತ್ತಿದ್ದೆ. ಕೂಗಿದ ಹೆಸರಿಗೆ ಯಾರೂ ಓಗೊಡದಿದ್ದರೆ, ಕೂಗಿದವನು ಮನೆಯವರೆಗೂ ಹುಡುಕಿಕೊಂಡು ಬರುತ್ತಾನೆಂದು ಅವರು ಹೇಳುತ್ತಿದ್ದರು.

"ಅವ್ವ ಬತ್ತಾವ್ಳೆ ಸಾಮಿ, ಒಲೆ ಮುಂದವ್ಳೆ!" ಎಂದು ಕಿರುಚಿಬಿಟ್ಟೆ.

ಎಲ್ಲರೂ ತಿರುಗಿ ನೋಡಿದರು. ಗಂಟೆಯನ್ನಾಗಲಿ ಕೂಗನ್ನಾಗಲಿ ಬೇರೆ ಯಾರೂ ಕೇಳಿರಲಿಲ್ಲ. ಆ ಗಂಟೆ ಎಲ್ಲಿದೆಯೆಂದು ಹೋಂಸ್ಟೇ ನೋಡಿಕೊಳ್ಳುತ್ತಿದ್ದ ವೃದ್ಧ ನಾಣಯ್ಯನವರನ್ನು ಕೇಳಿದೆ.

"ಆ ಕಂಬಿ ಗುಜರಿಗೆ ಹೋಗಿ ಯಾವ ಕಾಲ ಆಯ್ತು!" ಎಂದವರು ನನ್ನ ಮುಖವನ್ನೇ ದಿಟ್ಟಿಸಿದರು. "ನೀನು ಲೈನಿನ ಚಿಕ್ಕತಾಯಿ ಮಗ ಅಲ್ವಾ ಮಾರಾಯ?"

"ಓಹೋ, ಮಾಲೀಕರು!" ಎಂದರು ಮೋಹನ್. ಈ ಬಾರಿ ನಾನು ನಗಲಿಲ್ಲ.

ಸಂಜೆ ಮನೆ ಸೇರಿದೆ. ಅತಿಥಿಗಳ ಕಣ್ಣಿಗೆ ಬೀಳದಂತೆ ತಾಯಿಯನ್ನು ನಾನು ಹಿಂದಿನ ಕೋಣೆಯಲ್ಲಿ ಇರಿಸಿದ್ದೆ. ನಾನು ಚೀಲ ಇಳಿಸುವ ಮೊದಲೇ ಅವರು ಅಲ್ಲಿಂದ ಹೇಳಿದರು: "ಬೆಳಿಗ್ಗೆ ರೈಟ್ರು ಕೂಗುದ್ರು ಕಣಪ್ಪ. ಎದ್ದೋಗಕ್ಕೆ ಕಾಲೇ ಬರ್ನಿಲ್ಲ. ಸದ್ಯ, ನೀನು ಓಗೊಟ್ಟೆ."

ನನಗೆ ಕೇಳಿಸಿದ್ದನ್ನು ಹಳೆಯ ನೆನಪಿನ ಚೇಷ್ಟೆಯೆನ್ನಬಹುದು. ತಾಯಿಗೆ ಕೇಳಿಸಿದ್ದನ್ನು ಏನೆನ್ನಬೇಕೋ ತಿಳಿಯದು. ಕಾಕತಾಳೀಯವೆಂದು ಕೈತೊಳೆದುಕೊಳ್ಳುವ ವಿದ್ಯಾವಂತರ ಬಗ್ಗೆಯೂ ಈಗ ನನಗೆ ಅಷ್ಟೇ ತಾತ್ಸಾರವಿದೆ.

ಆ ಬಳಿಕ ತಾಯಿಯ ಮಂಚ ಹಜಾರಕ್ಕೆ ಬಂದಿತು. ಯಾರೇ ಬಂದರೂ, ಇವರು ನನ್ನ ತಾಯಿ, ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದರು ಎಂದು ಪರಿಚಯಿಸುತ್ತೇನೆ. ಬೆಳಿಗ್ಗೆ ಏಳೂವರೆಗೆ, ಹೆಸರು ಕೂಗಿದರೆ ಓಗೊಡಲೆಂದು, ನಾನಾಗಲಿ ನನ್ನ ಹೆಂಡತಿಯಾಗಲಿ, ಅವರ ಪಕ್ಕದಲ್ಲಿ ತಪ್ಪದೆ ಕುಳಿತಿರುತ್ತೇವೆ.