ಭಾನುವಾರದ ಹಣ

ಟೋಂಗಾದ ನೆಯಾಫು ಊರಿನಲ್ಲಿ ‘ನಿಮಗೆ ಹಣ ಬಂದಿದೆ, ಇಲ್ಲಿ ಒತ್ತಿ’ ಎಂಬ ಇಮೇಲು ಕಂಡ ಹೆಂಗಸರೆಲ್ಲ, ಚರ್ಚು ಬಿಟ್ಟೊಡನೆ ಫೋನು ಹಿಡಿದು ಮೆಲೆನೈತೆಯ ಜಗುಲಿಗೆ ಓಡುತ್ತಾರೆ. ಅವಳು ಕನ್ನಡಕ ಒರೆಸಿಕೊಂಡು, ಕಳುಹಿಸಿದವರ ವಿಳಾಸವನ್ನು ಎರಡೆರಡು ಸಲ ಓದಿ ಗದರುತ್ತಾಳೆ: “ಒತ್ಬೇಡ ಕಣೇ! ಪಾಸ್‌ವರ್ಡ್ ಕೇಳಿ ಖಾತೆ ಬರಿದು ಮಾಡ್ತಾರೆ. ನಮ್ಮ ಗಂಡಸ್ರು ಆಸ್ಟ್ರೇಲಿಯಾದಲ್ಲಿ ಹಣ್ಣು ಕಿತ್ರೂ ದೇವರ ದಿನ ಅಂತ ಭಾನುವಾರ ದುಡ್ಡು ಮುಟ್ತಾರಾ? ಕಳ್ಳನಿಗೆ ಅಷ್ಟೂ ತಿಳೀದು. ಗಂಡನಿಗೇ ಫೋನ್ ಮಾಡಿ ಕೇಳು.” ಕೇಳಿದರೆ ಅವನು ಕಳುಹಿಸಿರುವುದೇ ಇಲ್ಲ. ಮೊನ್ನೆ ಮೆಲೆನೈತೆಗೇ ಅಂಥದೊಂದು ಬಂತು: ‘ಸೆಮಿಸಿ ನಿಮಗೆ ಹಣ ಕಳುಹಿಸಿದ್ದಾರೆ.’ ಸೆಮಿಸಿ ಅವಳ ಗಂಡ. ಹಣ್ಣು ಕೀಳಲು ಹೋದವನ ಸುದ್ದಿ ನಿಂತು ವರ್ಷಗಳಾದವು. ಅವಳು ಒತ್ತಲಿಲ್ಲ, ಅಳಿಸಲೂ ಇಲ್ಲ. “ಸುಳ್ಳು ಕಣಕ್ಕಾ, ಅಳಿಸು,” ಎಂದಳು ಪಕ್ಕದ ಮನೆಯ ಫುಸಿ. “ಗೊತ್ತು ಕಣೇ. ಇಷ್ಟು ವರ್ಷದಲ್ಲಿ ಅವನ ಹೆಸರಲ್ಲಿ ಬಂದಿರೋದು ಇದೊಂದೇ.”